ಎರಡು ನಿಮಿಷದಲ್ಲಿ ಅಳಿಸಿದ್ದು

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಬರೋರು ನನ್ನನ್ನ ಮೊದಲು ಕೇಳೋದು, "ಮೇಡಂ, ಎಷ್ಟು ವರ್ಷ ಸರ್ವಿಸ್ ಆತು?" ಅಂತ. ವರ್ಷ ಲೆಕ್ಕ ಹಾಕಿ ಏನು ಮಾಡ್ತೀರಿ? ವಯಸ್ಸು ಕತ್ತೆಗೂ ಆಗ್ತದೆ. ನಾನು ತಿರುಗಿ ಕೇಳೋದು ಬೇರೆ. ಎಷ್ಟು ಮನೆಯ ಡಿಸ್ಕು ತೆಗೆದು ನೋಡಿದ್ರಿ, ಅದರಲ್ಲಿ ಕಂಡದ್ದನ್ನ ಎಷ್ಟು ಮಂದಿಗೆ ಹೇಳಿದ್ರಿ? ಎರಡನೇ ಪ್ರಶ್ನೆಗೆ "ಒಬ್ಬರಿಗೂ ಇಲ್ಲ" ಅನ್ನೋರು ಮಾತ್ರ ಈ ಕೆಲಸಕ್ಕೆ ಲಾಯಕ್ಕು. ಮತ್ತೆ ನೀವ್ಯಾಕೆ ಈಗ ಬರೀತೀರಿ ಅಂತ ಕೇಳ್ತೀರೇನೋ. ಈ ಕಥೆಗೆ ಸಂಬಂಧಪಟ್ಟ ಹಿರಿಯರು ಈಗಿಲ್ಲ. ಇರೋರ ಹೆಸರು ಬದಲಾಯಿಸಿದ್ದೀನಿ. ನನ್ನದೊಂದು ಹಂಗೇ ಬಿಟ್ಟಿದ್ದೀನಿ, ಯಾಕಂದ್ರೆ ತಪ್ಪು ನನ್ನದು.

ನಮ್ಮ ಕಡೆ ಜನಕ್ಕೆ ಒಂದು ನಂಬಿಕೆ ಐತೆ. ಡಿಲೀಟ್ ಒತ್ತಿದರೆ ಫೈಲು ಹೋಯ್ತು, ಪರದೆ ಮೇಲಿನ ಕಸದ ಬುಟ್ಟಿ ಖಾಲಿ ಮಾಡಿದರೆ ಬೇರು ಸಮೇತ ಹೋಯ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂಗೆ. ಡಿಸ್ಕಿನೊಳಗೆ ಒಂದು ಪಟ್ಟಿ ಇರ್ತದೆ, ಯಾವ ಫೈಲು ಎಲ್ಲಿ ಕೂತೈತೆ ಅಂತ. ನೀವು ಅಳಿಸಿದಾಗ ಆ ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೀತದೆ, ಈ ಜಾಗ ಖಾಲಿ ಅಂತ ಬರ್ಕೊಂತದೆ. ಫೈಲು ಇದ್ದಲ್ಲೇ ಇರ್ತದೆ. ಬಾಗಿಲ ಮೇಲಿನ ಹೆಸರಿನ ಬೋರ್ಡು ಕಿತ್ತರೆ ಮನೆಯೊಳಗಿನೋರು ಎದ್ದು ಹೋಗ್ತಾರೇನು? ಆ ಜಾಗದ ಮೇಲೆ ಬೇರೆ ಏನಾದರೂ ಬರೆದಾಗಲೇ ಮೊದಲಿನದು ಅಳಿಯೋದು. ಇದನ್ನ ನಾನು ಯಾವ ಕ್ಲಾಸಿನಲ್ಲೂ ಕಲೀಲಿಲ್ಲ. ಒಬ್ಬರ ಮಾನ ಕಳೆದು ಕಲಿತೆ.

ನಾನಿದ್ದದ್ದು ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಯಜಮಾನ್ರು ಚನ್ನಬಸಪ್ಪ ಅಂತ. ಅಜ್ಜನ ಕಾಲದಿಂದ ಹತ್ತಿ ದಲಾಲಿ ಮಾಡಿದ ಮನೆತನ, ಮಿಲ್ಲುಗಳು ಮುಚ್ಚಿದ ಮೇಲೆ ಅದೇ ಮಳಿಗೆಯಲ್ಲಿ ಕಂಪ್ಯೂಟರ್ ಇಟ್ಟರು. ಮೌಸು ಹಿಡಿಯೋಕೆ ಕೊನೇತನಕ ಬರಲಿಲ್ಲ ಅವರಿಗೆ. "ನಿರ್ಮಲಾ, ಹತ್ತಿ ಆಗ್ಲಿ ಕಂಪ್ಯೂಟರ್ ಆಗ್ಲಿ, ಗಿರಾಕಿ ಬಂದ ಕೂಡ್ಲೆ ಬರ್ರಿ ಕೂಡ್ರಿ ಅನ್ನೋದು, ಚಾ ತರಿಸೋದು. ಉಳಿದದ್ದು ಆಮೇಲೆ ನೋಡಣ" ಅನ್ನೋರು. ನಾನು ಸೇರಿದ್ದು ಟೈಪಿಸ್ಟ್ ಆಗಿ. ಇದ್ದ ಎಂಜಿನಿಯರ್ ಒಂದು ದಿನ ಹೇಳದೆ ಕೇಳದೆ ಬೇರೆ ಅಂಗಡಿಗೆ ಹೋದ. ಮೇಜಿನ ಮೇಲೆ ಬಿಚ್ಚಿಟ್ಟ ಎಂಟು ಕಂಪ್ಯೂಟರ್ ಡಬ್ಬಿ, ಹೊರಗೆ ಬೈತಾ ನಿಂತ ಎಂಟು ಗಿರಾಕಿ. ಯಜಮಾನ್ರು ಸ್ಕ್ರೂ ಡ್ರೈವರ್ ತಗೊಂಡು ನನ್ನ ಕೈಗೆ ಕೊಟ್ಟರು. "ದಿನಾ ಪಕ್ಕದಾಗೆ ಕುಂತು ನೋಡಿದ್ದೀಯಲ್ಲ, ಸಾಕು" ಅಂದರು. ಅಷ್ಟೇ ನನ್ನ ಟ್ರೇನಿಂಗು.

ಹೆಣ್ಣುಮಗಳು ರಿಪೇರಿ ಮಾಡ್ತಾಳೆ ಅಂದರೆ ಮೊದಮೊದಲು ಜನ ಡಬ್ಬಿ ವಾಪಸ್ ಹೊತ್ಕೊಂಡು ಹೋಗೋರು. ಆಮೇಲೆ ಅದೇ ಹೆಣ್ಣುಮಕ್ಕಳಿರೋ ಮನೆಯೋರು ನನ್ನನ್ನೇ ಕೇಳ್ಕೊಂಡು ಬರೋಕೆ ಶುರು ಮಾಡಿದರು. ಮನೆಗೆ ಬಂದು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ರಿಪೇರಿ ಮಾಡಿ, ಚಾ ಕುಡಿದು, ಒಬ್ಬಟ್ಟಿದ್ದರೆ ತಿಂದು ಹೋಗಬಹುದಿತ್ತು ನಾನು. ಅಂಥ ಮನೆಗಳ ನೆನಪೇ ನನ್ನ ಆಸ್ತಿ.

ಆಯುಧಪೂಜೆ ಆದ ವಾರ ನಮಗೆ ಸುಗ್ಗಿ. ಒಂದು ಮನೆಯಲ್ಲಿ ಸಿಡಿ ಹಾಕೋ ಬಾಯಿ ತೆಗೆದು ಅದರಲ್ಲಿ ಅರಿಶಿನ ಕುಂಕುಮ, ನಾಲ್ಕು ಕಾಳು ಅಕ್ಷತೆ ಇಟ್ಟು ಮುಚ್ಚಿದ್ದರು. ಇನ್ನೊಬ್ಬ ಅಜ್ಜಾರು ವಿಭೂತಿ ಕಲೆಸಿ ಮಾನಿಟರ್‌ಗೆ ಮೂರು ಪಟ್ಟಿ ಬಳಿದಿದ್ದರು, ನೀರು ಒಳಗೆ ಇಳಿದು ಅದು ಕಣ್ಣು ಮುಚ್ಚಿಬಿಟ್ಟಿತ್ತು. "ಯಂತ್ರಕ್ಕೆ ದೇವರು ಬ್ಯಾಡೇನಮ್ಮ?" ಅಂತ ನನ್ನನ್ನೇ ದಬಾಯಿಸಿದರು. "ಬೇಕ್ರಿ ಅಜ್ಜಾರೆ, ಒಣ ವಿಭೂತಿ ಹಚ್ರಿ" ಅಂದೆ.

ಅಳಿಸೋ ವಿಷಯಕ್ಕೆ ಬರೋಣ. ನಿಜಲಿಂಗಪ್ಪ ಬಡಾವಣೆಯಲ್ಲಿ ಒಬ್ಬರು ನಿವೃತ್ತ ರೈಲ್ವೆ ಗಾರ್ಡ್ ಇದ್ದರು. ಕಂಪ್ಯೂಟರ್ ನಿಧಾನ ಆಗೈತೆ ಅಂತ ಕರೆದರು. ಹೋದೆ. ನೋಡಿದರೆ ಕಸದ ಬುಟ್ಟಿ ತುಂಬಿ ತುಳುಕ್ತಾ ಐತೆ. ಪಾಪ, ವಯಸ್ಸಾದೋರು, ಖಾಲಿ ಮಾಡೋಕೆ ಬರಲ್ಲ ಅಂತ ನಾನೇ ಒಂದು ಒತ್ತು ಒತ್ತಿ ಖಾಲಿ ಮಾಡಿದೆ. ಹಿಂದಿನಿಂದ "ಏನು ಮಾಡಿದಿರಿ?" ಅಂತ ಒಂದು ಧ್ವನಿ ಬಂತು, ನೀರು ಕುಡಿಸಿ ಕೂರಿಸಬೇಕಾಯ್ತು ಅವರನ್ನ.

ಏನಾಗಿತ್ತು ಅಂದ್ರೆ, ಮನುಷ್ಯ ಮೂರು ವರ್ಷದಿಂದ ತಮ್ಮ ಸರ್ವಿಸಿನ ಕಥೆ ಬರೀತಾ ಇದ್ದರು. ಅದನ್ನ ಕಸದ ಬುಟ್ಟಿಯಲ್ಲಿ ಇಡ್ತಾ ಇದ್ದರು. "ಮನೆಯಾಗೆ ಎಲ್ಲಾರೂ ಎಲ್ಲಾ ಫೋಲ್ಡರ್ ತೆಗೆದು ನೋಡ್ತಾರೆ ಮೇಡಂ. ಕಸದ ಬುಟ್ಟಿಗೆ ಯಾರು ಕೈ ಹಾಕ್ತಾರೆ ಅಂತ ಅಲ್ಲಿಟ್ಟಿದ್ದೆ" ಅಂದರು. ದಿನಾ ಅಲ್ಲಿಂದ ಹೊರಗೆ ತೆಗೆದು, ಬರೆದು, ಮತ್ತೆ ಬುಟ್ಟಿಗೆ ಹಾಕೋದು. ನಗಬ್ಯಾಡ್ರಿ. ಅಕ್ಕಿ ಡಬ್ಬಿಯೊಳಗೆ ಬಂಗಾರದ ಸರ ಇಡೋ ಜನ ನಾವು, ಅವರು ಮಾಡಿದ್ದೂ ಅದೇ ಬುದ್ಧಿ. ಅವತ್ತು ನನ್ನ ಹತ್ತಿರ ಅಳಿಸಿದ್ದನ್ನ ವಾಪಸ್ ತರೋ ಒಂದು ಸಣ್ಣ ಸಾಫ್ಟ್‌ವೇರ್ ಇತ್ತು. ಅಂಗಡಿಗೆ ಓಡಿ ಹೋಗಿ ಸಿಡಿ ತಂದು ಹಾಕಿದೆ. ಸಂಜೆ ಹೊತ್ತಿಗೆ ಪೂರ್ತಿ ಬಂತು. ಗಾರ್ಡ್ ಸಾಹೇಬರು ನನ್ನ ಕೈ ಹಿಡ್ಕೊಂಡು ಮಗುವಿನಂಗೆ ಅತ್ತರು, ನನಗೂ ಅಳು ಬಂತು.

ಅವತ್ತು ನಾನು ಕಲಿಯಬೇಕಾಗಿದ್ದ ಪಾಠ, ಅಳಿಸಿದ್ದು ಹೋಗಿರಲ್ಲ ಅಂತ. ನಾನು ಕಲಿತದ್ದು, ನಾನು ಭಾಳ ಶಾಣ್ಯಾಕಿ ಅಂತ. ಡಿಲೀಟ್ ಮಾಡಿದ್ದು ಬರ್ತದೆ, ಆದರೆ ಡಿಸ್ಕು ಫಾರ್ಮ್ಯಾಟ್ ಮಾಡಿದರೆ, ಅಂದ್ರೆ ಪೂರ್ತಿ ಖಾಲಿ ಮಾಡಿದರೆ, ಸುಟ್ಟು ಬೂದಿ, ಅದು ಮಾತ್ರ ಬರಲ್ಲ ಅಂತ ಯಾರೋ ಹೇಳಿದ್ದನ್ನ ನಂಬಿ ಕೂತಿದ್ದೆ.

ಈಗ ಹಾಲೇಶಪ್ಪ ಮೇಷ್ಟ್ರ ವಿಷಯ. ಹರಿಹರದವರು, ರಿಟೈರ್ಡ್ ಕನ್ನಡ ಮೇಷ್ಟ್ರು. ಸಂಬಂಧ ಕೂಡಿಸೋದು ಅವರಿಗೊಂದು ಹುಚ್ಚು. ಪುಕ್ಕಟೆ ಕೆಲಸ, ಒಂದು ತೆಂಗಿನಕಾಯಿ ಕೂಡ ಮುಟ್ಟೋರಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ. ಮೇಷ್ಟ್ರು ಒಂದೂ ಸುಳ್ಳು ಹೇಳದೆ ಮದುವೆ ಮಾಡೋರು, ಅದೇ ಅವರ ಹೆಚ್ಚುಗಾರಿಕೆ. ಗಂಡಿನ ಕಡೆಯೋರು, ಹೆಣ್ಣಿನ ಕಡೆಯೋರು ಯಾರ ಹತ್ತಿರವೂ ಬಾಯಿಬಿಡದ ಮಾತನ್ನ ಅವರ ಪಡಸಾಲೆಯಲ್ಲಿ ಕೂತು ಹೇಳೋರು. ಹುಡುಗನಿಗೆ ಕುಡಿತ ಇತ್ತು, ಈಗ ಬಿಟ್ಟಾನೆ. ಹುಡುಗಿಗೆ ಮೊದಲೊಂದು ನಿಶ್ಚಿತಾರ್ಥ ಮುರಿದೈತೆ. ಮೇಷ್ಟ್ರು ಅದನ್ನ ಹೊಟ್ಟೆಯಲ್ಲಿಟ್ಟುಕೊಂಡು, ಅದನ್ನ ತಾಳಿಕೊಳ್ಳೋ ಮನೆ ಯಾವುದು ಅಂತ ಹುಡುಕಿ, ಆ ಮನೆಯ ಹಿರಿಯರಿಗೆ ಮಾತ್ರ ಹೇಳಿ, ಒಪ್ಪಿದರೆ ಮುಂದಿನ ಮಾತು.

ಅವರಿಗೆ ಕಂಪ್ಯೂಟರ್ ಮಾರಿದೋಳು ನಾನೇ, ಕನ್ನಡ ಫಾಂಟ್ ಹಾಕಿಕೊಟ್ಟೋಳು ನಾನೇ, ಖಾನೆ ಖಾನೆ ಮಾಡಿ ಪಟ್ಟಿ ಬರೆಯೋದು ಕಲಿಸಿದೋಳೂ ನಾನೇ. ಒಂದೇ ಬೆರಳಲ್ಲಿ ಕುಟ್ಟೋರು. ಹೆಸರು, ಓದು, ಊರು, ಮನೆತನ, ಎಲ್ಲಕ್ಕೂ ಒಂದೊಂದು ಖಾನೆ. ಕೊನೇ ಖಾನೆಗೆ ತಾವೇ ಹೆಸರಿಟ್ಟಿದ್ದರು, "ಒಳಗಿನ ಮಾತು" ಅಂತ. "ವಯಸ್ಸಾತು ನಿರ್ಮಲಾ. ಯಾರದು ಯಾರಿಗೋ ಅದಲುಬದಲು ಆದ್ರೆ ಒಂದು ಮನಿ ಹಾಳಾಗ್ತೈತೆ, ಅದಕ್ಕೇ ಬರೆದಿಡ್ತೀನಿ" ಅಂದಿದ್ದರು.

ಕೆಲವು ವರ್ಷ ಆದ ಮೇಲೆ ಆ ಕಂಪ್ಯೂಟರ್ ಹಳೇದಾಯ್ತು. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಂಡರು. ಹಳೇದನ್ನ ಆಟೋದಲ್ಲಿ ತಾವೇ ತೊಡೆ ಮೇಲಿಟ್ಟುಕೊಂಡು ಅಂಗಡಿಗೆ ತಂದಿದ್ದರು.

"ಪಟ್ಟಿ ಹೊಸದಕ್ಕೆ ಹಾಕಿದ್ದೀಯಲ್ಲ. ಇದರಾಗೆ ಮಾತ್ರ ಒಂದಕ್ಷರ ಉಳೀಬಾರದು. ನಾಕೂರಿನ ಗುಟ್ಟು ಐತೆ ಇದರಾಗೆ."

"ಆತು ಸಾರ್."

"ನನ್ನ ಮುಂದೆ ಮಾಡು."

ಮಾಡಿದೆ. ಶನಿವಾರ, ಅಂಗಡಿ ತುಂಬ ಜನ. ಫಾರ್ಮ್ಯಾಟ್‌ನಲ್ಲಿ ಎರಡು ಬಗೆ, ಬೇಗ ಆಗೋದು ಒಂದು, ತಾಸುಗಟ್ಟಲೆ ಹಿಡಿಯೋದು ಇನ್ನೊಂದು. ಬೇಗ ಆಗೋದನ್ನ ಒತ್ತಿದೆ. ಎರಡು ನಿಮಿಷ. ಖಾಲಿ ಡಿಸ್ಕು ತೋರಿಸಿ, "ನೋಡ್ರಿ ಸಾರ್, ಬೂದಿನೂ ಇಲ್ಲ" ಅಂದೆ. ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿ, ತಲೆ ಆಡಿಸಿ, ನೆಮ್ಮದಿಯಿಂದ ಹೋದರು. ನನಗಾಗ ಗೊತ್ತಿಲ್ಲದ್ದು ಏನಂದ್ರೆ, ಆ ಬೇಗ ಆಗೋ ಫಾರ್ಮ್ಯಾಟ್ ಕೂಡ ಪಟ್ಟಿಯನ್ನಷ್ಟೇ ಅಳಿಸ್ತದೆ. ಒಳಗಿನೋರೆಲ್ಲ ಒಳಗೇ ಕೂತಿರ್ತಾರೆ.

ಆ ಹಳೇ ಡಬ್ಬಿಯನ್ನ ಯಜಮಾನ್ರು ಆನೆಕೊಂಡದ ರುದ್ರಪ್ಪ ಅನ್ನೋರಿಗೆ ಮಾರಿದರು. ಅವರಿಗೂ ಕನ್ನಡ ಫಾಂಟ್ ಹಾಕಿ ಕೊಟ್ಟೋಳು ನಾನೇ, ದೊಡ್ಡ ಉಪಕಾರ ಮಾಡಿದೋಳಂಗೆ.

ಒಂದೂವರೆ ತಿಂಗಳಾದ ಮೇಲೆ ಮಾತು ಕಿವಿಗೆ ಬೀಳೋಕೆ ಶುರುವಾಯ್ತು. ಹರಿಹರದ ಮೇಷ್ಟ್ರು ಬಾಯಿ ಸಡಿಲ ಬಿಟ್ಟಾರಂತೆ. ಯಾರ ಮನೆಯ ಹುಳುಕು ಅಂದರೂ ಹೇಳ್ತಾರಂತೆ. ಹರಿಹರದ ಪಕ್ಕ ಸಾರಥಿ ಅನ್ನೋ ಹಳ್ಳಿಯ ಗೌರಮ್ಮ ಅನ್ನೋರ ಮಗನಿಗೆ ಶಾರದಾ ಅನ್ನೋ ಹುಡುಗಿಯನ್ನ ಮೇಷ್ಟ್ರೇ ನಿಶ್ಚಯ ಮಾಡಿದ್ದರು. ಆ ಹುಡುಗಿಗೆ ಸಣ್ಣವಳಿದ್ದಾಗ ಮೂರ್ಛೆ ಬರ್ತಿತ್ತು ಅನ್ನೋದು ಈಗ ಊರಿಗೆಲ್ಲ ಗೊತ್ತಾಗಿ, ಗೌರಮ್ಮನ ಮನೆಯ ನೆಂಟರೆಲ್ಲ ಗುಸುಗುಸು ಶುರು ಮಾಡಿದ್ದರು. ಮದುವೆ ನಿಲ್ಲೋ ಹಂಗೈತೆ ಅಂತ ಸುದ್ದಿ. ನಾನು ಕೇಳಿ ಪಾಪ ಅಂದೆ. ವಯಸ್ಸಾದ ಮೇಲೆ ಮೇಷ್ಟ್ರಿಗೆ ಹಿಂಗಾಗಬಾರದಿತ್ತು ಅಂತ ನಾನೂ ಅಂದೆ. ಅಂದ ಬಾಯಿ ಇದೇ.

ಆಮೇಲೆ ಒಂದಿನ ಬೆಳಗ್ಗೆ ರುದ್ರಪ್ಪ ಡಬ್ಬಿ ಹೊತ್ಕೊಂಡು ಬಂದರು.

"ಮೇಡಂ, ನಮ್ಮ ಗೃಹಪ್ರವೇಶದ ಫೋಟೋ ತಪ್ಪಿ ಅಳಿಸಿ ಹೋಗಿದ್ವು. ನಮ್ಮ ಅಳಿಯ ಏನೋ ಹಾಕಿ ವಾಪಸ್ ತೆಗೆದ. ನಮ್ಮ ಫೋಟೋ ಸಂಗಡ ಯಾರದೋ ಮನಿ ಮಾತೆಲ್ಲ ಬಂದಾವ್ರಿ. ಮನಿ ಹೆಂಗಸರು ಕುಂತು ಓದ್ತಾರೆ. ನನಗೆ ಸರಿ ಕಾಣ್ಲಿಲ್ಲ, ಸ್ವಚ್ಛ ಮಾಡಿ ಕೊಡ್ರಿ."

ಹಾಕಿ ನೋಡಿದೆ. ಮೇಷ್ಟ್ರ ಪಟ್ಟಿ. ಒಂದಕ್ಷರ ಆಚೆ ಈಚೆ ಆಗಿರಲಿಲ್ಲ. ನಾನು ಹಾಕಿಕೊಟ್ಟ ಫಾಂಟಿನಲ್ಲಿ ದುಂಡಗೆ ಕೂತಿತ್ತು. ಶಾರದಾಳ ಸಾಲು ಕಂಡಿತು. "ಮೂರ್ಛೆ ಇತ್ತು, ಹನ್ನೆರಡನೇ ವಯಸ್ಸಿಗೆ ನಿಂತಿದೆ. ಗೌರಮ್ಮನವರಿಗೆ ತಿಳಿಸಿದ್ದೇನೆ, ಒಪ್ಪಿದ್ದಾರೆ." ಮೇಷ್ಟ್ರು ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟದ್ದು ನಾನು ಅಳಿಸಿಕೊಟ್ಟ ಡಿಸ್ಕು.

ಎಷ್ಟು ಸಾಲು ಉಳಿದಾವೆ ನೋಡೋಣ ಅಂತ ಕೆಳಗೆ ಇಳಿಸ್ತಾ ಹೋದೆ. ಅಲ್ಲಿ ನನ್ನ ಹೆಸರಿತ್ತು.

ಅಪ್ಪ ಮೇಷ್ಟ್ರ ಹತ್ತಿರ ನನ್ನ ಜಾತಕ ಕೊಟ್ಟಿದ್ದು ನನಗೆ ಗೊತ್ತಿತ್ತು, ಅದಾಗಿ ಎಂಟು ಹತ್ತು ವರ್ಷ ಆಗಿತ್ತು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ನಾನು, ಓದೋ ತಮ್ಮಂದಿರು ಇಬ್ಬರು. ಅಪ್ಪ ಮಿಲ್ಲಿನಲ್ಲಿದ್ದ, ಮಿಲ್ಲು ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಕೈ ಆಡಿಸ್ತಿದ್ದ. "ಮೇಷ್ಟ್ರು ನೋಡ್ತಾ ಅದಾರೆ, ಯಾವುದೂ ಕೂಡಿ ಬರವಲ್ದು" ಅಂತ ಹೇಳ್ತಾ ಬಂದಿದ್ದ. ನಾನು ಎತ್ತರ ಜಾಸ್ತಿ, ಬಣ್ಣ ಕಡಿಮೆ, ಸ್ಕ್ರೂ ಡ್ರೈವರ್ ಹಿಡಿಯೋ ಹುಡುಗಿ, ಯಾರು ಒಪ್ತಾರೆ ಅಂತ ನಾನೇ ಸಮಾಧಾನ ಮಾಡ್ಕೊಂಡಿದ್ದೆ. ಕನ್ನಡಿ ಮುಂದೆ ನಿಲ್ಲೋದು ಬಿಟ್ಟು ವರ್ಷಗಳಾಗಿದ್ದವು.

ನನ್ನ ಸಾಲಿನ ಕೊನೇ ಖಾನೆಯಲ್ಲಿ ಹಿಂಗಿತ್ತು. "ಒಳ್ಳೆಯ ಹುಡುಗಿ. ಮೂರು ಕಡೆಯವರು ತಾವಾಗಿ ಕೇಳಿದರು. ತಂದೆಯೇ ಬೇಡವೆಂದರು. ಮನೆ ಈಕೆಯ ಸಂಬಳದ ಮೇಲೆ ನಡೆದಿದೆ. ಹುಡುಗಿಗೆ ತಿಳಿಸಬಾರದೆಂದು ಕೈಮುಗಿದು ಅತ್ತರು. ಮಾತು ಕೊಟ್ಟಿದ್ದೇನೆ."

ಎರಡು ಸಲ ಓದಿದೆ. ಮೊದಲು ಸಿಟ್ಟು ಬಂತು, ಕಣ್ಣು ಕತ್ತಲೆ ಬರೋ ಅಂಥ ಸಿಟ್ಟು. ಅಪ್ಪನ ಮೇಲೆ, ಮೇಷ್ಟ್ರ ಮೇಲೆ, ಯಾರೋ ಮೂರು ಕಡೆಯೋರ ಮೇಲೂ. ಆಮೇಲೆ ಮೂರು ಕಡೆಯೋರು ತಾವಾಗಿ ಕೇಳಿದ್ದರು ಅನ್ನೋದು ಮನಸ್ಸಿಗೆ ಇಳೀತು. ಅವತ್ತು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಯಾವುದಕ್ಕೆ ಅತ್ತೆ ಅಂತ ಬಿಡಿಸಿ ಹೇಳೋಕೆ ಇವತ್ತಿಗೂ ಬರಲ್ಲ.

ಹೊರಗೆ ಬಂದು ಯಜಮಾನ್ರಿಗೆ ಡಿಸ್ಕಿನ ವಿಷಯ ಹೇಳಿದೆ. ನನ್ನ ಸಾಲಿನ ವಿಷಯ ಹೇಳಲಿಲ್ಲ. ಯಜಮಾನ್ರು ಸುತ್ತ ನೋಡಿ ಧ್ವನಿ ತಗ್ಗಿಸಿದರು.

"ಬಾಯಿ ಬಿಟ್ರೆ ಬಣ್ಣಗೇಡು. ಸುಮ್ನೆ ಅಳಿಸಿ ಕೊಟ್ಟುಬಿಡು. ನಾವು ಮಾಡಿದ್ದು ಅಂತ ಯಾರಿಗೆ ಗೊತ್ತು?"

"ಮೇಷ್ಟ್ರು ಮಾಡಿದ್ದು ಅಂತ ಊರೆಲ್ಲ ನಂಬೈತಲ್ರಿ."

"ಅಂಗಡಿ ಹೆಸರು ಹೋಗ್ತದೆ ನಿರ್ಮಲಾ."

"ಅಂಗಡಿ ಹೆಸರು ಹೇಳಲ್ರಿ. ನನ್ನ ಹೆಸರು ಹೇಳ್ತೀನಿ."

ಅವರು ಬೈತಾರೆ ಅಂದ್ಕೊಂಡೆ. ಎದ್ದು ಹೋಗಿ ಸ್ಟಾಕಿನಿಂದ ಒಂದು ಹೊಸ ಡಿಸ್ಕು ತಂದು ಮೇಜಿನ ಮೇಲಿಟ್ಟರು. "ರುದ್ರಪ್ಪಗೆ ಇದನ್ನ ಹಾಕು. ಹಳೇದನ್ನ ಕಿತ್ಕೊಂಡು ಹರಿಹರಕ್ಕೆ ಹೋಗು. ಅವರ ಕಣ್ಮುಂದೆ ಅಳಿಸು" ಅಂದರು. ಮೌಸು ಹಿಡಿಯೋಕೆ ಬರದ ಆ ಮನುಷ್ಯನ್ನ ನಾನು ಇವತ್ತಿಗೂ ನೆನೆಸ್ಕೊಂತೀನಿ.

ರುದ್ರಪ್ಪಗೆ ಒಂದು ಮಾತು ಕೇಳಿದೆ, ಇದರ ಕಾಪಿ ಎಲ್ಲಾದರೂ ಐತಾ ಅಂತ. ಮುಖ ಸಣ್ಣದು ಮಾಡ್ಕೊಂಡು, ಅಳಿಯ ಒಂದು ಸಿಡಿ ಮಾಡ್ಯಾನೆ ಅಂದರು. ಮನೆಗೆ ಹೋಗಿ ತಂದುಕೊಟ್ಟರು, ಅವರ ಮುಂದೇ ಮುರಿದೆ. ಹೊಸಬರು ಇದನ್ನ ನೆನಪಿಡ್ರಿ. ಒಂದು ಕಡೆ ಎಷ್ಟು ತಿಕ್ಕಿ ತೊಳೆದರೂ ಇನ್ನೊಂದು ಕಡೆ ಕಾಪಿ ಇದ್ದರೆ ನಿಮ್ಮ ಕೆಲಸ ನೀರಿನಲ್ಲಿ ಹೋಮ. ಅಳಿಸೋ ಮೊದಲು ಇದೊಂದು ಪ್ರಶ್ನೆ ಕೇಳಲೇಬೇಕು.

ಮರುದಿನ ಬೆಳಗ್ಗೆ ಹರಿಹರದ ಬಸ್ಸು ಹತ್ತಿದೆ. ಡಿಸ್ಕು ಟವಲಿನಲ್ಲಿ ಸುತ್ತಿ ಚೀಲದಲ್ಲಿತ್ತು. ಮೇಷ್ಟ್ರ ಪಡಸಾಲೆಯಲ್ಲಿ ಯಾವಾಗಲೂ ನಾಲ್ಕು ಜೋಡಿ ಚಪ್ಪಲಿ ಇರ್ತಿದ್ದವು. ಅವತ್ತು ಒಂದೂ ಇರಲಿಲ್ಲ. ಅವರ ಹೆಂಡತಿ ನೀಲಮ್ಮನೋರು ನನ್ನನ್ನ ನೋಡಿ, "ಹದಿನೈದು ದಿನ ಆತು, ನೀನೇ ಮೊದಲು ಬಂದೋಳು" ಅಂದರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಎರಡು ನಿಮಿಷದ ಫಾರ್ಮ್ಯಾಟ್, ಆನೆಕೊಂಡ, ಅಳಿಯ, ಸಿಡಿ. ತಪ್ಪು ನಂದು ಸಾರ್, ನೀವೇನು ಬೈದರೂ ಸರಿ ಅಂದೆ.

ಮೇಷ್ಟ್ರು ಕುರ್ಚಿಯ ಕೈ ಹಿಡ್ಕೊಂಡರು. "ಹಂಗಾದ್ರೆ ನನ್ನ ಬಾಯಿಂದ ಹೋಗಿಲ್ಲ?"

"ಇಲ್ಲ ಸಾರ್."

"ಹದಿನೈದು ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೆ ನಿರ್ಮಲಾ. ಎಲ್ಲಾರೂ ಅಂತಾರೆ ಅಂದ್ರೆ ನಾನೇ ಎಲ್ಲೋ ಅಂದಿರಬೇಕು. ಮರೆವು ಬಂದೈತೆ, ಏನು ಆಡಿದೆ ಅನ್ನೋದೇ ಗೊತ್ತಾಗವಲ್ದು ಅಂತ. ನಿನ್ನೆಯಿಂದ ಇವಳ ಸಂಗಡಾನೂ ಮಾತು ಬಿಟ್ಟಿದ್ದೆ, ಹೆದರಿ."

ಟವಲಿನಿಂದ ಮುಖ ಮುಚ್ಕೊಂಡರು. ಬೈದಿದ್ದರೆ ತಡ್ಕೊಂತಿದ್ದೆ. ಊರು ಅವರನ್ನ ನಂಬದೆ ಹೋಗಿದ್ದು ಒಂದು ಕಡೆ ಇರಲಿ, ಅವರೇ ತಮ್ಮನ್ನ ನಂಬದಂಗೆ ಮಾಡಿದ್ದೆನಲ್ಲ ಅಂತ ನನಗೆ ಎದೆ ಒಡೀತು.

ಡಿಸ್ಕನ್ನ ಅವರ ಹೊಸ ಕಂಪ್ಯೂಟರ್‌ಗೆ ಎರಡನೇ ಡಿಸ್ಕಾಗಿ ಜೋಡಿಸಿದೆ. ಈ ಸಲ ನನ್ನ ಹತ್ತಿರ ಬೇರೆ ಸಾಫ್ಟ್‌ವೇರ್ ಇತ್ತು, ರಾತ್ರೋರಾತ್ರಿ ನಾಲ್ಕು ಕಡೆ ಫೋನು ಮಾಡಿ ವಿಚಾರಿಸಿ ತಂದದ್ದು. ಅದು ಡಿಸ್ಕಿನ ಮೊದಲಿನಿಂದ ಕೊನೇತನಕ ಒಂದು ಚೂರೂ ಬಿಡದೆ ಸೊನ್ನೆ ಬರೀತಾ ಹೋಗ್ತದೆ. ಯಾವ ಡಿಸ್ಕು ಅಂತ ಕೇಳಿದಾಗ ಮೂರು ಸಲ ನೋಡಿದೆ. ಈ ಕೆಲಸದಲ್ಲಿ ಅರ್ಧ ಅನಾಹುತ ಪಕ್ಕದ ಡಿಸ್ಕನ್ನ ಅಳಿಸೋದರಿಂದ ಆಗೋದು. ಪೂರ್ತಿ ಆಗೋಕೆ ಆರು ತಾಸು ತೋರಿಸಿತು.

ಈಗಿನೋರಿಗೆ ಒಂದು ಮಾತು. ಆ ತಿರುಗೋ ಡಿಸ್ಕಿನ ಮದ್ದು ಈಗಿನ ಎಸ್‌ಎಸ್‌ಡಿಗೆ, ಅಂದ್ರೆ ತಿರುಗದ ಚಿಪ್ಪಿನ ಡಿಸ್ಕಿಗೆ, ನಾಟಲ್ಲ. ಅದು ಬರೆಯೋ ಜಾಗವನ್ನ ತಾನೇ ಬದಲಾಯಿಸ್ತಾ ಇರ್ತದೆ. ನೀವು ಹಳೇದರ ಮೇಲೆ ಬರೆದೆ ಅಂದ್ಕೊಂಡ್ರೆ ಅದು ಪಕ್ಕದಲ್ಲಿ ಬರೆದಿರ್ತದೆ. ತಯಾರು ಮಾಡಿದೋರೇ ಕೊಟ್ಟಿರೋ ಅಳಿಸೋ ಸೌಲಭ್ಯ ಇರ್ತದೆ, ಅದನ್ನ ಬಳಸ್ರಿ. ಮೊದಲ ದಿನದಿಂದಲೇ ಇಡೀ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಇನ್ನೂ ಚಲೋ. ಕೀಲಿ ನಾಶ ಮಾಡಿದರೆ ಒಳಗಿನದು ಇದ್ದೂ ಇಲ್ಲದಂಗೆ. ಏನೇ ಮಾಡ್ರಿ, ಮಾಡಿದ ಮೇಲೆ ವಾಪಸ್ ತರೋ ಸಾಫ್ಟ್‌ವೇರ್ ಹಾಕಿ ಒಂದು ಸಲ ಹುಡುಕಿ ನೋಡ್ರಿ. ಏನೂ ಸಿಗದಿದ್ದಾಗ ಮಾತ್ರ ಗಿರಾಕಿಗೆ "ಆತ್ರಿ" ಅನ್ರಿ. ನಾನು ಎರಡು ನಿಮಿಷಕ್ಕೆ ಅಂದು ಕೆಟ್ಟೆ.

ಆರು ತಾಸು ಸುಮ್ಮನೆ ಕೂರೋದು ಬ್ಯಾಡ, ಸಾರಥಿಗೆ ಹೋಗಿ ಬರೋಣ ಅಂತ ನಾನೇ ಅಂದೆ. ಮೇಷ್ಟ್ರು ಬ್ಯಾಡ ಅಂದರು, "ಹೆಣ್ಣುಮಗಳು, ನಿನ್ನನ್ನ ನಿಲ್ಲಿಸಿ ಮಾತಾಡಿಸೋದು ನನಗೆ ಸರಿಬರಲ್ಲ" ಅಂತ. ನಾನು ಚಪ್ಪಲಿ ಮೆಟ್ಟಿದ್ದೆ. ನೀಲಮ್ಮನೋರಿಗೆ ಕಂಪ್ಯೂಟರ್ ಕಾಯೋಕೆ ಹೇಳಿದೆ. ಅವರು ಮಣೆ ಹಾಕ್ಕೊಂಡು ಅದರ ಮುಂದೆ ಕೂತರು, ಹಾಲು ಉಕ್ಕೋದನ್ನ ಕಾದಂಗೆ.

ಗೌರಮ್ಮ ಕಟ್ಟೆ ಮೇಲೆ ಜೋಳ ಹಸನು ಮಾಡ್ತಿದ್ದರು. ಮೇಷ್ಟ್ರನ್ನ ನೋಡಿ ಮೊರ ಕೆಳಗಿಟ್ಟರು, ಬರ್ರಿ ಅನ್ನಲಿಲ್ಲ. ನಾನು ಮುಂದೆ ಹೋಗಿ ಎಲ್ಲ ಹೇಳಿದೆ. ಫಾರ್ಮ್ಯಾಟು ಡಿಸ್ಕು ಅವರಿಗೆ ಅರ್ಥ ಆಗಲಿಲ್ಲ. "ಅಳಿಸಿದ್ದೀನಿ ಅಂತ ಸುಳ್ಳು ಹೇಳಿದೆ, ಅಳಿಸಿರಲಿಲ್ಲ" ಅಂದೆ. ಅದು ಅರ್ಥ ಆಯ್ತು.

"ಮೇಷ್ಟ್ರು ಹೇಳಿಲ್ಲೇನು ಹಂಗಾರೆ?"

"ನಿಮ್ಮನ್ನ ಬಿಟ್ರೆ ಒಬ್ಬರಿಗೂ ಹೇಳಿಲ್ರಿ."

"ಆ ಹುಡುಗಿ ವಿಷಯ ನನಗೇನು ಹೊಸದಲ್ಲ ತಾಯಿ. ಮೊದಲ ದಿನಾನೇ ನನ್ನ ಕಿವಿಗೆ ಹಾಕಿದ್ರು, ನಾನು ಒಪ್ಪಿದ್ದೆ. ನನಗೂ ಸಣ್ಣೋಳಿದ್ದಾಗ ಬರ್ತಿತ್ತು." ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸ್ಕೊಂಡರು. "ನನ್ನದನ್ನೂ ನಾನು ಇವರ ಒಬ್ಬರ ಹತ್ರಾನೇ ಹೇಳಿದ್ದು. ಅದೂ ಇನ್ನೇನು ಹೊರಗೆ ಬೀಳ್ತದೆ ಅಂತ ಜೀವ ಕೈಯಾಗೆ ಹಿಡ್ಕೊಂಡಿದ್ದೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಕೂಡ್ರಿ ಸಾರ್. ಮದುವಿಗೆ ಅಕ್ಕಿಕಾಳು ಮೊದಲು ನೀವೇ ಹಾಕಬೇಕು. ನೆಂಟರಿಗೆ ನಾ ಹೇಳ್ಕೊಂತೀನಿ" ಅಂದರು. ಮೇಷ್ಟ್ರು ಕೂತರು. ಆ ಮದುವೆ ಆಯ್ತು, ನಾನೂ ಹೋಗಿ ಉಂಡು ಬಂದೆ.

ಹರಿಹರಕ್ಕೆ ವಾಪಸ್ ಬಂದಾಗ ಇಳಿಹೊತ್ತು. ನೀಲಮ್ಮನೋರು ಮಣೆ ಬಿಟ್ಟು ಎದ್ದಿರಲಿಲ್ಲ. ಇನ್ನು ಸ್ವಲ್ಪವೇ ಉಳಿದಿತ್ತು. ಮೇಷ್ಟ್ರು ನನ್ನ ಪಕ್ಕ ಕುರ್ಚಿ ಎಳೆದು ಕೂತು ಪರದೆ ನೋಡ್ತಾ ಇದ್ದರು. ನೀಲಮ್ಮನೋರು ಮಂಡಕ್ಕಿ ಕಲೆಸೋಕೆ ಒಳಗೆ ಹೋದರು. ಆಗ ಮೇಷ್ಟ್ರು ಪರದೆಯಿಂದ ಕಣ್ಣು ತೆಗೀದೆ ಅಂದರು.

"ಇದರಾಗೆ ನಿನ್ನದೂ ಇತ್ತು."

ನಾನು ಪರದೆ ಮೇಲಿನ ಸಂಖ್ಯೆ ನೋಡ್ತಾ ಕೂತೆ.

"ಓದಿದೇನು?"

ಆ ಧ್ವನಿಯಲ್ಲಿ ಏನಿತ್ತು ಅಂತ ಈಗ ಹೇಳಬಲ್ಲೆ. ಊರಿನ ಜನದ್ದೆಲ್ಲ ಬಯಲಾಗಿತ್ತು. ಕೈಮುಗಿದು ಅತ್ತ ಒಬ್ಬ ಮಿಲ್ ಕೆಲಸಗಾರನಿಗೆ ಕೊಟ್ಟ ಮಾತು ಉಳಿದೈತೋ ಹೋಯ್ತೋ ಅಂತ ಕೇಳ್ತಿದ್ದರು. ನನಗೂ ಕೇಳೋದಿತ್ತು. ಆ ಮೂರು ಕಡೆಯೋರು ಯಾರು, ಯಾವೂರು, ನೀವಾದರೂ ನನ್ನ ಒಂದು ಮಾತು ಕೇಳಬಾರದಿತ್ತಾ ಅಂತ. ನಾಲಿಗೆ ತುದಿಗೆ ಬಂದಿತ್ತು.

"ಇಲ್ಲ ಸಾರ್" ಅಂದೆ. "ಶಾರದಾಂದು ಕಂಡ ಕೂಡ್ಲೆ ಮುಚ್ಚಿಬಿಟ್ಟೆ."

ಮೇಷ್ಟ್ರು ಉಸಿರು ಬಿಟ್ಟರು. ನಂಬಿದರೋ, ನಂಬಿದಂಗೆ ಮಾಡಿದರೋ ಗೊತ್ತಿಲ್ಲ. ಪರದೆ ಮೇಲೆ ನೂರು ತುಂಬಿತು. ಹುಡುಕೋ ಸಾಫ್ಟ್‌ವೇರ್ ಹಾಕಿ ತೋರಿಸಿದೆ. ಏನೂ ಸಿಗಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚೋ ಹೊತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದ. ತಮ್ಮಂದಿರು ಇನ್ನೂ ಬಂದಿರಲಿಲ್ಲ. ನಾನು ಕೈಕಾಲು ತೊಳ್ಕೊಂಡು ರೊಟ್ಟಿ ಬಡಿಯೋಕೆ ಕೂತೆ. ಅಪ್ಪ ಅಡುಗೆಮನೆ ಹೊಸ್ತಿಲ ಹತ್ತಿರ ಬಂದು ನಿಂತ, ಹೋದ, ಮತ್ತೆ ಬಂದ.

"ಹರಿಹರಕ್ಕೆ ಹೋಗಿದ್ದೆಂತೆ, ಮೇಷ್ಟ್ರ ಮನಿಗೆ. ಅಂಗಡ್ಯಾಗೆ ಹೇಳಿದ್ರು."

"ಹೂಂ ಅಪ್ಪಾ. ಕೆಲಸ ಇತ್ತು."

"ಅವರದೇನೋ ಪಟ್ಟಿ ಎಲ್ಲಾ ಹೊರಗೆ ಬಿದ್ದೈತಂತಲ್ಲ." ಅಪ್ಪ ಬಾಗಿಲ ಚೌಕಟ್ಟು ಹಿಡ್ಕೊಂಡಿದ್ದ. "ನನ್ನ ವಿಷಯ ಏನಾರ ಅಂದ್ರಾ?"

ಹೆಂಚಿನ ಮೇಲೆ ರೊಟ್ಟಿ ಹಾಕಿದೆ, ನೀರು ಸವರಿದೆ. ತಿರುಗಿ ನೋಡಿದೆ. ಎಷ್ಟು ಮುದುಕ ಆಗಿದ್ದ ನಮ್ಮಪ್ಪ, ನಾನು ಗಮನಿಸೇ ಇರಲಿಲ್ಲ.

"ಏನೂ ಅನ್ಲಿಲ್ಲ. ಚೆನ್ನಾಗದಾನಾ ಅಂತ ಕೇಳಿದ್ರು ಅಷ್ಟೇ. ಬಾ, ಬಿಸಿ ಇದ್ದಾಗ್ಲೆ ಉಣ್ಣು."

ಅಪ್ಪ ಬಂದು ತಟ್ಟೆ ಮುಂದೆ ಕೂತ. ದಿನಾ ಎರಡು ರೊಟ್ಟಿಗೆ ಸಾಕು ಅನ್ನೋನು, ಅವತ್ತು ಮೂರು ಉಂಡ.